ಇನ್ನೊಂದು ವಾರ ಒಳಗೇ ಇರು

ಕನ್ನಡಕದ ಅಂಗಡಿಯಲ್ಲಿ ಫ್ರೇಮ್ ಕೂರಿಸುವುದೆಂದರೆ ದಿನವಿಡೀ ಬೇರೆಯವರ ಮುಖದ ಹತ್ತಿರ ಮುಖ ಇಟ್ಟುಕೊಂಡು ಕೂರುವ ಕೆಲಸ. ಪುಟ್ಟ ಸ್ಕೇಲು ಹಿಡಿದು ಎರಡು ಕಣ್ಣಿನ ಪಾಪೆಗಳ ನಡುವಿನ ದೂರ ಅಳೆಯಬೇಕು, ಮೂಗಿನ ಮೇಲೆ ಭಾರ ಬೀಳದಂತೆ ಮೆತ್ತೆ ಸರಿಪಡಿಸಬೇಕು, ಕಡ್ಡಿಯ ತುದಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸಿ ಕಿವಿಯ ಹಿಂದೆ ಕೂರಿಸಬೇಕು. ಚೋಟಿ ಈ ಕೆಲಸವನ್ನು ಒಂಬತ್ತು ವರ್ಷಗಳಿಂದ ಮಾಡುತ್ತಿದ್ದಳು. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಅಪ್ಪ ಕರೆದ ಹೆಸರು ಅದು, ಅಂಗಡಿಯವರೆಗೂ ಬಂದು ಅಂಟಿಕೊಂಡಿತ್ತು. ಈಗ ಅವಳು ಒಂಬತ್ತನೇ ತಿಂಗಳ ಹೊಟ್ಟೆ ಹೊತ್ತು ಗಿರಾಕಿಯ ಎದುರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುವ ಬದಲು ಹೊಟ್ಟೆಯೇ ಮೊದಲು ತಾಗುತ್ತಿತ್ತು. "ಆ ಹೆಸರು ವಾಪಸ್ ತಗೋಬೇಕು ಕಣಮ್ಮ, ಯಾವ ಕಡೆಯಿಂದ ನೋಡಿದ್ರೂ ಹೊಂದಲ್ಲ," ಎಂದು ಅಂಗಡಿಯ ಯಜಮಾನ ನಗಿಸುತ್ತಿದ್ದ.

ಆ ದಿನ ಬಂದದ್ದು ಆರು ವರ್ಷದ ಹುಡುಗಿ. ಅವಳಿಗೆ ಅದು ಮೊದಲ ಕನ್ನಡಕ. ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿ ನಗು ತಡೆಯಲಾರದೆ ತಲೆ ಅಲ್ಲಾಡಿಸುತ್ತಲೇ ಇದ್ದಳು. ಚೋಟಿ ಇಪ್ಪತ್ತು ನಿಮಿಷ ಅವಳ ಗಲ್ಲ ಹಿಡಿದುಕೊಂಡೇ ಕೂತಿದ್ದಳು. ಎಡಗಿವಿಯ ಹಿಂದೆ ಕಡ್ಡಿ ಕೂರಿಸುವಾಗ ನೀರು ತುಂಬಿದ ಒಂದು ಸಣ್ಣ ಗುಳ್ಳೆ ಬೆರಳಿಗೆ ಸಿಕ್ಕಿತು.

"ಇದೇನು ಪುಟ್ಟಾ?"

"ಸೊಳ್ಳೆ ಕಚ್ಚಿರ್ಬೇಕು ಮೇಡಂ," ಎಂದಳು ಪಕ್ಕದಲ್ಲಿ ನಿಂತಿದ್ದ ಹುಡುಗಿಯ ತಾಯಿ.

ಮೂರನೇ ದಿನ ಆ ತಾಯಿಯೇ ಅಂಗಡಿಗೆ ಫೋನ್ ಮಾಡಿದಳು. ದನಿಯಲ್ಲಿ ಸಂಕೋಚ ತುಂಬಿತ್ತು. "ಮೇಡಂ, ನೀವು ಬಸುರಿ ಅಲ್ವಾ, ಹೇಳದೆ ಇರೋಕೆ ಮನಸ್ಸಾಗ್ಲಿಲ್ಲ. ನನ್ನ ಮಗಳಿಗೆ ಚಿಕನ್‌ಪಾಕ್ಸ್. ಮೈಯೆಲ್ಲಾ ಎದ್ದಿದೆ. ಅವತ್ತು ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ."

ಚೋಟಿ ಅಲ್ಲೇ ನಿಂತು ಆಸ್ಪತ್ರೆಗೆ ಫೋನ್ ಹಚ್ಚಿದಳು. ಹೆರಿಗೆ ವಿಭಾಗದ ನರ್ಸ್ ಕೇಳಿದ ಮೊದಲ ಪ್ರಶ್ನೆಯೇ, "ಚಿಕ್ಕೋರಿದ್ದಾಗ ನಿಮಗೆ ಬಂದಿತ್ತಾ?"

ಚೋಟಿಗೆ ನೆನಪಿರಲಿಲ್ಲ. ಹೆರಿಗೆಗೆಂದು ಅಮ್ಮ ಬಂದು ಮನೆಯಲ್ಲೇ ಇದ್ದಳು. ಮನೆಗೆ ಫೋನ್ ಮಾಡಿ ಅವಳನ್ನು ಕೇಳಿದರೆ, "ಬಂದಿತ್ತಲ್ಲೇ! ಮೂರು ವಾರ ಒದ್ದಾಡಿದ್ದೀಯ. ಕೆರ್ಕೋತೀಯ ಅಂತ ಎರಡು ಕೈಗೂ ಕಾಲುಚೀಲ ಹಾಕಿ ಕಟ್ಟಿದ್ದೆ. ಅದು ನನಗೆ ಮರೆಯುತ್ತಾ?" ಎಂದುಬಿಟ್ಟಳು.

"ಹಾಗಾದ್ರೆ ಹೆದರಬೇಡಿ. ಒಂದು ಸಲ ಬಂದೋರಿಗೆ ಸಾಮಾನ್ಯವಾಗಿ ಮತ್ತೆ ಬರಲ್ಲ," ಎಂದಳು ನರ್ಸ್, ಚೋಟಿ ಮತ್ತೆ ಫೋನ್ ಮಾಡಿ ಇದನ್ನು ತಿಳಿಸಿದಾಗ. "ಆದ್ರೂ ಒಂದು ರಕ್ತ ಪರೀಕ್ಷೆ ಮಾಡಿಸ್ಕೊಂಡು ಹೋದ್ರೆ ಒಳ್ಳೇದು. ನಾಳೆ ಬರ್ತೀರಾ?"

ಬರುತ್ತೇನೆ ಎಂದ ಚೋಟಿ ಹೋಗಲಿಲ್ಲ. ಮರುದಿನ ಅಂಗಡಿಯಲ್ಲಿ ನೂಕುನುಗ್ಗಲು, ಅದರ ಮರುದಿನ ಕಾಲು ಊದಿಕೊಂಡಿತ್ತು, ಆಮೇಲೆ ಮರೆತೇ ಹೋಯಿತು. ಕಾಲುಚೀಲ ಕಟ್ಟಿದ್ದು ಅಮ್ಮನಿಗೆ ಅಷ್ಟು ಸ್ಪಷ್ಟವಾಗಿ ನೆನಪಿರುವಾಗ ಸೂಜಿ ಚುಚ್ಚಿಸಿಕೊಂಡು ತಿಳಿಯುವುದೇನಿದೆ ಎಂದೂ ಅನಿಸಿತ್ತು.

ಹುಡುಗಿ ಬಂದು ಹೋದ ಹದಿನೈದನೇ ದಿನ, ಒಂದು ಸೋಮವಾರ, ಚೋಟಿ ಮೈಕೈ ನೋವಿನಿಂದ ಎದ್ದಳು. ಸಣ್ಣಗೆ ಜ್ವರವಿತ್ತು. ಸ್ನಾನದ ಮನೆಯಲ್ಲಿ ಬಟ್ಟೆ ತೆಗೆದಾಗ ಹೊಟ್ಟೆಯ ಬಲಗಡೆ, ಚರ್ಮ ಬಿಗಿದು ಹೊಳೆಯುವ ಜಾಗದಲ್ಲಿ, ನಾಲ್ಕು ಕೆಂಪು ಚುಕ್ಕೆಗಳು ಕಂಡವು. ಒಂದರ ನೆತ್ತಿಯಲ್ಲಿ ನೀರಿನ ಹನಿ ಕೂತ ಹಾಗಿತ್ತು. ಅವಳು ನೋಡುತ್ತಾ ನಿಂತಳು. ಎದೆಯ ಕೆಳಗೆ ಇನ್ನೆರಡು ಇದ್ದವು. ಕೈಯಿಂದ ಕತ್ತು ಸವರಿಕೊಂಡಳು, ಕೂದಲಿನ ಅಂಚಿನಲ್ಲಿ ಒಂದು ಬೆರಳಿಗೆ ತಾಗಿತು. 

"ಅಮ್ಮಾ," ಎಂದು ಕೂಗಿದ್ದು ಅವಳಿಗೇ ಕೇಳಿಸದಷ್ಟು ಮೆಲ್ಲಗಿತ್ತು.

ಅಮ್ಮ ಬಂದು ನೋಡಿ ತಲೆ ಕೊಡವಿದಳು. "ಛೆ, ಬೆವರುಸಾಲೆ ಇರ್ಬೇಕು ಕಣೆ. ನಿನಗೆ ಬಂದು ಹೋಗಿದೆಯಲ್ಲ." ಆದರೆ ಮಾತು ಮುಗಿಸುವ ಮೊದಲೇ ಅವಳ ಮುಖ ಸಣ್ಣಗಾಗಿತ್ತು.

ಚೋಟಿಯ ಗಂಡ ಲಿಫ್ಟ್ ಮೆಕ್ಯಾನಿಕ್. ಹಿಂದಿನ ರಾತ್ರಿ ಗ್ರೀಸು ಮೆತ್ತಿದ ಅಂಗಿಯಲ್ಲಿ ಮಲಗಿಬಿಟ್ಟಿದ್ದವನು ಎದ್ದು, ಅದೇ ಅಂಗಿಯಲ್ಲಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊರಡುವ ಮುಂಚೆ ಫೋನ್ ಮಾಡಿ ತಿಳಿಸಿದ್ದರಿಂದ ಅವರನ್ನು ಮುಖ್ಯ ಬಾಗಿಲಿನಿಂದ ಬಿಡಲಿಲ್ಲ. ಒಳಗೆ ಬೇರೆ ಬಸುರಿಯರು ಸಾಲಾಗಿ ಕೂತಿರುತ್ತಾರೆ. ಹಿಂದುಗಡೆ ಆಂಬುಲೆನ್ಸ್ ನಿಲ್ಲುವ ಅಂಗಳದಿಂದ ಒಂದು ಬಾಗಿಲು, ಅದರಾಚೆ ಒಂದೇ ಮಂಚದ ಕೋಣೆ, ಅಂಗಳದ ಕಡೆಗೆ ತೆರೆಯಲಾಗದ ಒಂದು ಗಾಜಿನ ಕಿಟಕಿ. ಬಾಗಿಲ ಮೇಲೆ ಕೆಂಪು ಅಕ್ಷರದ ಕಾಗದ ಅಂಟಿಸಿದ್ದರು. ಆ ಕಾಗದ ನೋಡಿದಾಗಲೇ ಚೋಟಿಗೆ ತಾನು ಇನ್ನೊಬ್ಬರಿಗೆ ಹೆದರಿಕೆಯ ವಸ್ತು ಆಗಿದ್ದೇನೆ ಎಂದು ಗೊತ್ತಾದದ್ದು.

ಹೆರಿಗೆ ಡಾಕ್ಟರು ಐವತ್ತು ದಾಟಿದ ಹೆಂಗಸು. ಮಾತು ಕಡಿಮೆ. ಗುಳ್ಳೆಗಳನ್ನು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಉಸಿರು ಕೇಳಿದರು, ಮಗುವಿನ ಎದೆಬಡಿತ ಕೇಳಿಸಿದರು. ಆಮೇಲೆ ಕುರ್ಚಿ ಎಳೆದು ಕೂತರು. ಡಾಕ್ಟರು ಕೂತು ಮಾತಾಡುತ್ತಾರೆಂದರೆ ವಿಷಯ ದೊಡ್ಡದಿದೆ ಎಂದು ಚೋಟಿಗೆ ಅನಿಸಿತು.

"ಇದು ಚಿಕನ್‌ಪಾಕ್ಸೇ. ನಿಮ್ಮ ಫೈಲಲ್ಲಿ ಚಿಕ್ಕೋರಿದ್ದಾಗ ಬಂದಿತ್ತು ಅಂತ ಬರ್ದಿದೆ."

"ನನ್ನ ಅಮ್ಮ ಹೇಳಿದ್ದು."

"ಸರಿ. ಅದನ್ನ ಆಮೇಲೆ ನೋಡೋಣ. ಈಗ ಎರಡು ವಿಷಯ ತಿಳ್ಕೊಳ್ಳಿ. ಒಂದು ನಿಮ್ಮದು. ದೊಡ್ಡೋರಿಗೆ, ಅದ್ರಲ್ಲೂ ಬಸುರಿಗೆ ಬಂದ್ರೆ ಶ್ವಾಸಕೋಶಕ್ಕೆ ಇಳಿಯೋ ಭಯ ಇರುತ್ತೆ. ಗುಳ್ಳೆ ಎದ್ದ ದಿನಾನೇ ಬಂದಿದ್ದೀರಿ, ಒಳ್ಳೇದಾಯ್ತು. ವೈರಸ್ ತಡೆಯೋ ಔಷಧಿ ಈಗ್ಲೇ ಶುರು ಮಾಡ್ತೀವಿ. ಕೆಮ್ಮು ಬಂದ್ರೆ, ಉಸಿರು ಕಟ್ಟಿದ ಹಾಗಾದ್ರೆ, ನಾಚ್ಕೋಬೇಡಿ, ಬೆಲ್ ಒತ್ತಿ."

"ಮಗೂಗೆ?"

 "ಅದು ಎರಡನೇದು. ವೈರಸ್ಸು ನಿಮ್ಮ ರಕ್ತದಿಂದ ಮಗೂಗೆ ಹೋಗಬಹುದು. ಅದರ ಜೊತೆ ಹೋರಾಡೋ ಶಕ್ತೀನೂ ನಿಮ್ಮಿಂದಾನೇ ಹೋಗ್ಬೇಕು. ಆದ್ರೆ ಆ ಶಕ್ತೀನ ನಿಮ್ಮ ಮೈ ಇನ್ನೂ ತಯಾರು ಮಾಡ್ತಾ ಇದೆ. ತಯಾರಾಗಿ ಮಗೂಗೆ ತಲುಪೋಕೆ ಐದು ದಿನ ಬೇಕು, ಏಳು ದಿನ ಸಿಕ್ಕಿದ್ರೆ ಇನ್ನೂ ಒಳ್ಳೇದು. ಅಷ್ಟರೊಳಗೆ ಹೆರಿಗೆ ಆದ್ರೆ ಮಗು ಬರಿಗೈಲಿ ಹೊರಗೆ ಬರುತ್ತೆ."

"ಬಂದ್ರೆ?"

"ಬಂದ್ರೆ ನಾವು ಹೊರಗಿಂದ ಆ ಶಕ್ತಿ ಕೊಡೋ ಇಂಜೆಕ್ಷನ್ ಕೊಡ್ತೀವಿ. ಈಗ್ಲೇ ತರಿಸಿ ಇಟ್ಕೋತೀನಿ. ಹಿಂದಿನ ಕಾಲದಲ್ಲಿ ಇಂಥ ಮಕ್ಕಳು ಉಳಿಯೋದು ಕಷ್ಟ ಇತ್ತು. ಈಗ ಹಾಗಿಲ್ಲ. ಆದ್ರೆ ಭಯ ಇಲ್ವೇ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ."

ಕಷ್ಟ ಇತ್ತು ಎಂಬ ಎರಡು ಮಾತುಗಳನ್ನು ಬಿಟ್ಟು ಚೋಟಿಗೆ ಬೇರೇನೂ ನೆನಪುಳಿಯಲಿಲ್ಲ. ಅವಳಿಗೆ ಮೂವತ್ತೇಳು ವಾರ ನಾಲ್ಕು ದಿನ ತುಂಬಿತ್ತು. ಹಿಂದಿನ ವಾರವಿಡೀ ಬೇಗ ಹೆರಿಗೆಯಾಗಿ ಈ ಭಾರ ಇಳಿದರೆ ಸಾಕೆಂದು ಗೊಣಗಿದ್ದಳು. ಈಗ ಎರಡೂ ಕೈಗಳನ್ನು ಹೊಟ್ಟೆಯ ಕೆಳಗೆ ಕೊಟ್ಟು, ಬಾಗಿಲಿಗೆ ಅಗುಳಿ ಹಾಕುವವಳಂತೆ ಮಲಗಿದಳು. "ಇನ್ನೊಂದು ವಾರ ಒಳಗೇ ಇರು. ಕೈಮುಗೀತೀನಿ, ಇನ್ನೊಂದೇ ಒಂದು ವಾರ," ಎಂದು ಮನಸ್ಸಿನಲ್ಲೇ ಹೇಳಿದಳು. ಮಗು ಒಳಗಿನಿಂದ ಎಂದಿನಂತೆ ಪಕ್ಕೆಗೆ ಒದೆಯಿತು. ಅದಕ್ಕೇನು ಗೊತ್ತು.

ಗಂಡನಿಗೆ ಚಿಕನ್‌ಪಾಕ್ಸ್ ಬಂದಿತ್ತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ, ಅವನ ತಾಯಿ ತೀರಿಹೋಗಿದ್ದರಿಂದ ಕೇಳುವವರೂ ಇರಲಿಲ್ಲ. ರಕ್ತ ತೆಗೆದರು. ಸಂಜೆ ಬಂದ ವರದಿಯ ಪ್ರಕಾರ ಬಂದೇ ಇರಲಿಲ್ಲ. ಅವನಿಗೆ ಲಸಿಕೆ ಚುಚ್ಚಿ, ಇನ್ನು ಮೂರು ವಾರ ಆಸ್ಪತ್ರೆಯ ಒಳಗೆ ಕಾಲಿಡಕೂಡದೆಂದು ಹೊರಗೆ ಕಳಿಸಿದರು. ಅಮ್ಮನ ರಕ್ತದಲ್ಲಿ ಮಾತ್ರ ಹಳೆಯ ಕಾಯಿಲೆಯ ಗುರುತಿತ್ತು. ಹೀಗೆ ಆ ಕೋಣೆಯೊಳಗೆ ಚೋಟಿಯ ಜೊತೆ ಇರಬಹುದಾದ ಒಬ್ಬಳೇ ಒಬ್ಬಳು ಅಮ್ಮ.

ಅಂದು ಸಂಜೆಯೇ ಅಕ್ಕ ದೂರದ ಊರಿನಿಂದ ಫೋನ್ ಮಾಡಿದಳು. ಚೋಟಿಗೆ ಮಾತಾಡಲು ಸುಸ್ತು. ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಮಂಚದ ಮೇಲಿಟ್ಟಳು.

"ಅಮ್ಮ, ಅದು ಹೇಗೆ ಇವಳಿಗೆ ಚಿಕ್ಕೋಳಿದ್ದಾಗ ಬಂದಿತ್ತು ಅಂತ ಹೇಳ್ದೆ?" ಅಕ್ಕನ ದನಿ ಗಾಬರಿಯಲ್ಲಿ ಏರಿತ್ತು. "ಬಂದಿದ್ದು ನನಗಲ್ವಾ?"

"ನಿನಗೂ ಬಂದಿತ್ತು..."

"ನನಗೂ ಅಲ್ಲಮ್ಮ, ನನಗೆ ಮಾತ್ರ. ಕಾಲುಚೀಲ ಕಟ್ಟಿದ್ದು ನನ್ನ ಕೈಗೆ. ಗುರುತು ಇನ್ನೂ ಹಣೇಲಿದೆ. ಆಗ ಇವಳು ಮನೇಲೇ ಇರ್ಲಿಲ್ಲ. ಇವಳಿಗೆ ಅಂಟಬಾರದು ಅಂತ ನೀನೇ ದೊಡ್ಡಮ್ಮನ ಮನೆಗೆ ಕಳಿಸಿದ್ದೆ. ಮೂರು ವಾರ ಆದ್ಮೇಲೆ ವಾಪಸ್ ಬಂದಾಗ ನನ್ನ ನೋಡಿ ಗುರುತೇ ಸಿಗಲಿಲ್ಲ ಅಂತ ಅತ್ತಳಲ್ಲ, ನೆನಪಿಲ್ವಾ?"

 ಅಮ್ಮ ಮಂಚದ ಕಂಬಿ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಆ ಮೂರು ವಾರ ಒಂದೊಂದಾಗಿ ವಾಪಸ್ ಬರುತ್ತಿದ್ದುದು ಚೋಟಿಗೆ ಕಾಣುತ್ತಿತ್ತು. 

ಫೋನ್ ಇಟ್ಟ ಮೇಲೆ ಚೋಟಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳು ಡಾಕ್ಟರನ್ನು ಒಂದು ಮಾತು ಕೇಳಿದ್ದಳು, ಹುಡುಗಿ ಬಂದು ಹೋದ ಆ ವಾರದಲ್ಲೇ ತನಗೆ ಹಿಂದೆ ಬಂದಿಲ್ಲವೆಂದು ಗೊತ್ತಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು. ಹತ್ತು ದಿನದೊಳಗೆ ಇಂಜೆಕ್ಷನ್ ಕೊಡಬಹುದಿತ್ತು, ಇಲ್ಲವೇ ಮಾತ್ರೆ ಶುರು ಮಾಡಬಹುದಿತ್ತು, ಬರದೇ ಇರುವ ಸಾಧ್ಯತೆಯೂ ಇತ್ತು ಎಂದಿದ್ದರು. ಹತ್ತು ದಿನ! ಆ ಹತ್ತು ದಿನ ಅವಳು ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ, ಮಗುವಿಗೆ ಟೋಪಿ ಹೆಣೆಯುವ ಅಮ್ಮನ ಪಕ್ಕ ಕೂತು ಕಾಲ ಕಳೆದಿದ್ದಳು.

"ಚೋಟೀ..."

"ಮಾತಾಡಿಸ್ಬೇಡ ನನ್ನ."

ಅಮ್ಮ ಮೂಲೆಯ ಸ್ಟೂಲಿನ ಮೇಲೆ ಕೂತಳು. ಉರಿ ತಾಳಲಾರದೆ ಚೋಟಿ ಹೊರಳಾಡಿದಾಗಲೆಲ್ಲ ಎದ್ದು ಬಂದು ಒದ್ದೆ ಬಟ್ಟೆಯನ್ನು ಹಿಂಡಿ ಬೆನ್ನಿಗೆ ಒತ್ತಿ, ಮತ್ತೆ ಸ್ಟೂಲಿಗೆ ಹೋದಳು. ಬೇಡ ಎನ್ನಲು ಚೋಟಿಗೆ ತ್ರಾಣವಿರಲಿಲ್ಲ.

ಮಂಗಳವಾರ ಮಧ್ಯಾಹ್ನಕ್ಕೆ ಗುಳ್ಳೆಗಳು ಎಣಿಸಲಾಗದಷ್ಟಾದವು. ನಾಲಿಗೆಯ ಮೇಲೆ, ರೆಪ್ಪೆಯ ಅಂಚಿನಲ್ಲಿ, ಹೊಕ್ಕುಳಿನ ಸುತ್ತ. ಆಮೇಲೆ ಕೆಮ್ಮು ಶುರುವಾಯಿತು. ಮೊದಲು ಒಣ ಕೆಮ್ಮು. ಸಂಜೆಯ ಹೊತ್ತಿಗೆ ಒಂದು ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ಉಸಿರೆಳೆಯಬೇಕಾಯಿತು. ಬೆಲ್ ಒತ್ತಿದಳು. ಹೆಡ್ ನರ್ಸ್ ಗೌನು ಮಾಸ್ಕು ತೊಟ್ಟು ಬಂದಳು. ಅವಳು ದಪ್ಪನೆಯ, ಗಟ್ಟಿ ಬಾಯಿಯ ಹೆಂಗಸು, ನಡೆದರೆ ನೆಲ ಸದ್ದು ಮಾಡುತ್ತಿತ್ತು. ಬೆರಳಿಗೆ ಕ್ಲಿಪ್ಪು ಹಾಕಿ ಪರದೆಯ ಮೇಲಿನ ಅಂಕಿ ನೋಡಿದಳು. ಯಾವಾಗಲೂ ಏನಾದರೂ ತಮಾಷೆ ಮಾಡುವವಳು ಈ ಸಲ ಏನೂ ಹೇಳದೆ ಹೊರಗೆ ಓಡಿದಳು. 

ಹೊಟ್ಟೆಗೆ ಸೀಸದ ಭಾರದ ಹೊದಿಕೆ ಹೊದಿಸಿ ಎದೆಯ ಎಕ್ಸ್‌ರೇ ತೆಗೆದರು. ಶ್ವಾಸಕೋಶದ ಎರಡೂ ಕಡೆ ಬಿಳಿ ಮಚ್ಚೆಗಳು. ಮಾತ್ರೆ ನಿಲ್ಲಿಸಿ ಔಷಧಿಯನ್ನು ರಕ್ತನಾಳಕ್ಕೇ ಹಚ್ಚಿದರು, ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿದರು. ಡಾಕ್ಟರು ಮಂಚದ ಪಕ್ಕ ಬಗ್ಗಿ, "ನಿಮ್ಮ ಕೆಲಸ ಉಸಿರಾಡೋದು, ಅಷ್ಟೇ. ಬೇರೆ ಎಲ್ಲಾ ನಮ್ಮ ಕೆಲಸ," ಎಂದರು.

ಕಿಟಕಿಯ ಆಚೆ ಅಂಗಳದಲ್ಲಿ ಗಂಡ ನಿಂತಿದ್ದ. ಕೆಲಸ ಮುಗಿಸಿ ನೇರ ಅಲ್ಲಿಗೇ ಬಂದಿದ್ದ. ಗಾಜಿಗೆ ಹಣೆ ಆನಿಸಿ ಫೋನ್ ಹಚ್ಚಿದ. ಚೋಟಿ ಸ್ಪೀಕರ್ ಹಾಕಿ ಸುಮ್ಮನೆ ಅವನ ಬಾಯಿಯನ್ನೇ ನೋಡಿದಳು.

"ನೀನು ಮಾತಾಡ್ಬೇಡ, ನಾನೇ ಮಾತಾಡ್ತೀನಿ," ಎಂದ. "ಲಿಫ್ಟ್ ಮಧ್ಯ ನಿಂತುಹೋದಾಗ ಒಳಗಿರೋರಿಗೆ ಉಸಿರು ಕಟ್ಟುತ್ತೆ ಅನ್ನಿಸುತ್ತೆ. ಗಾಳಿ ಬರ್ತಾನೇ ಇರುತ್ತೆ, ಆದ್ರೂ ಅನ್ನಿಸುತ್ತೆ. ನಾನು ಮೇಲಿಂದ ಕೂಗ್ತಾ ಇರ್ತೀನಿ. ಏನಾದ್ರೂ ಸರಿ, ಕೂಗ್ತಾ ಇರ್ಬೇಕು. ಒಂದ್ಸಲ ಒಬ್ಬ ಅಜ್ಜಿ ಒಳಗೆ ಸಿಕ್ಕೊಂಡಿದ್ರು. ನನಗೆ ಹೇಳೋಕೆ ಏನೂ ಉಳೀಲಿಲ್ಲ, ಮಗ್ಗಿ ಹೇಳೋಕೆ ಶುರು ಮಾಡ್ದೆ. ಹದಿನೇಳರ ಮಗ್ಗೀಲಿ ತಪ್ಪು ಹೇಳ್ದೆ ಅಂತ ಒಳಗಿಂದ ಬೈದ್ರು ನೋಡು!"

ಚೋಟಿಗೆ ನಗಬೇಕೆನಿಸಿ ಕೆಮ್ಮು ಬಂತು. ಅವನು ಗಾಜಿನಿಂದ ಹಣೆ ತೆಗೆದು ಪಕ್ಕಕ್ಕೆ ತಿರುಗಿದ. ಅವನ ಭುಜ ಅಲುಗುತ್ತಿದ್ದುದು ಅವಳಿಗೆ ಕಾಣಿಸಿತು. ಅವನಿಗೂ ಅಷ್ಟೇ ಹೆದರಿಕೆಯಾಗಿದೆ ಎಂದು ತಿಳಿದಾಗ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು.

ಬುಧವಾರ ಉಸಿರು ಕೆಡಲಿಲ್ಲ, ಸುಧಾರಿಸಲೂ ಇಲ್ಲ. ಗುಳ್ಳೆ ಎದ್ದು ಮೂರು ದಿನ. ಚೋಟಿ ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದಳು. ಶುಕ್ರವಾರ ದಾಟಿದರೆ ಐದು. ಭಾನುವಾರ ದಾಟಿದರೆ ಏಳು. ಪಕ್ಕ ಬದಲಿಸಲೂ ಹೆದರಿಕೆ, ಕೆಮ್ಮಲೂ ಹೆದರಿಕೆ. ಕೆಮ್ಮಿದಾಗಲೆಲ್ಲ ಹೊಟ್ಟೆ ಬಿಗಿಯುತ್ತಿತ್ತು.

ಗುರುವಾರ ಬೆಳಿಗ್ಗೆ ಕೆಮ್ಮದಿದ್ದಾಗಲೂ ಬಿಗಿಯಿತು.

ಅವಳು ಯಾರಿಗೂ ಹೇಳಲಿಲ್ಲ. ಹೇಳದಿದ್ದರೆ ಅದು ನಿಜವಾಗುವುದಿಲ್ಲ ಎಂಬಂತೆ ಕಣ್ಣು ಮುಚ್ಚಿ ಬಿದ್ದುಕೊಂಡಳು. ಹದಿನೈದು ನಿಮಿಷಕ್ಕೊಮ್ಮೆ ಸೊಂಟದಿಂದ ಒಂದು ಅಲೆ ಎದ್ದು ಮುಂದಕ್ಕೆ ಬಂದು, ಹೊಟ್ಟೆಯನ್ನು ಕಲ್ಲಿನಂತೆ ಮಾಡಿ ಇಳಿಯುತ್ತಿತ್ತು. ಮೂರನೆಯ ಸಲ ಅಮ್ಮ ಸ್ಟೂಲಿನಿಂದ ಎದ್ದು ಬಂದಳು. ಹೊಟ್ಟೆಯ ಮೇಲೆ ಕೈ ಇಟ್ಟಳು.

"ಯಾವಾಗಿನಿಂದ?"

"ಇಲ್ಲ. ಏನಿಲ್ಲ."

"ಚೋಟೀ, ಯಾವಾಗಿನಿಂದ?"

"ಇವತ್ತು ನಾಲ್ಕನೇ ದಿನ ಅಮ್ಮ," ಎಂದಳು ಚೋಟಿ. ಮೂರು ದಿನಗಳಲ್ಲಿ ಅಮ್ಮನಿಗೆ ಅವಳು ತಾನಾಗಿ ಹೇಳಿದ ಮೊದಲ ಮಾತು ಅದು. "ಇನ್ನೂ ನಾಲ್ಕೇ ದಿನ. ಬರಬಾರದು. ಈಗ ಬರಬಾರದು. ಏನಾದ್ರೂ ಮಾಡು."

ಅಮ್ಮ ಬೆಲ್ ಒತ್ತಿದಳು. ಒತ್ತಿದ ಬೆರಳನ್ನು ತೆಗೆಯಲೇ ಇಲ್ಲ.

ಡಾಕ್ಟರು ಪರೀಕ್ಷೆ ಮಾಡಿ, "ಗರ್ಭದ ಬಾಯಿ ಮೂರು ಬೆರಳು ತೆರೆದಿದೆ. ಇದನ್ನ ಇನ್ನು ತಡೆಯೋಕಾಗಲ್ಲ, ನಿಮ್ಮ ಉಸಿರಿನ ಸ್ಥಿತೀಲಿ ತಡೆಯೋ ಔಷಧಿ ಕೊಡೋದೂ ಒಳ್ಳೇದಲ್ಲ," ಎಂದರು. "ಮಕ್ಕಳ ಡಾಕ್ಟರಿಗೆ ಹೇಳಿದ್ದೀನಿ. ಇಂಜೆಕ್ಷನ್ ಫ್ರಿಜ್‌ನಲ್ಲಿದೆ, ನಾನೇ ನೋಡಿ ಬಂದೆ."

"ನಾನು ತಡ್ಕೋತೀನಿ ಡಾಕ್ಟ್ರೇ. ಅಲ್ಲಾಡಲ್ಲ, ಕಾಲು ಮಡಚ್ಕೊಂಡು ಮಲಗ್ತೀನಿ."

"ಅದು ನಿಮ್ಮ ಕೈಲಿಲ್ಲಮ್ಮ." ಡಾಕ್ಟರು ಮೊದಲ ಸಲ ಅವಳನ್ನು ಅಮ್ಮ ಎಂದು ಕರೆದಿದ್ದರು. ಕೈಗವಸು ಹಾಕಿದ ಕೈಯಿಂದ ಗುಳ್ಳೆಗಳಿಲ್ಲದ ಒಂದಿಷ್ಟು ಜಾಗ ಹುಡುಕಿ ಅವಳ ಮುಂಗೈ ಹಿಡಿದರು. "ನೀವೇನೂ ತಪ್ಪು ಮಾಡ್ತಾ ಇಲ್ಲ."

ಹೆರಿಗೆ ಅದೇ ಕೋಣೆಯಲ್ಲಾಯಿತು. ಆಮ್ಲಜನಕದ ಕೊಳವೆಯ ಜಾಗದಲ್ಲಿ ಮುಖಕ್ಕೆ ಮಾಸ್ಕು ಬಂತು. ನೋವು ಬಂದಾಗ ಉಸಿರು ಸಾಲದು, ಉಸಿರಿಗಾಗಿ ನಿಂತರೆ ನೋವು ಕಾಯದು. ಅಮ್ಮ ಹಿಂದಿನಿಂದ ಅವಳ ಬೆನ್ನಿಗೆ ಎದೆ ಕೊಟ್ಟು ಕೂತಿದ್ದಳು. ಕಿತ್ತುಹೋದ ಗುಳ್ಳೆಗಳ ನೀರು ಅಮ್ಮನ ಗೌನಿಗೆ ಹತ್ತಿತ್ತು. "ಸಾಯ್ತೀನಿ ಅಮ್ಮ," ಎಂದಳು ಚೋಟಿ ಒಂದು ಸಲ. ಹೆಡ್ ನರ್ಸ್ ಕಾಲ ಕಡೆಯಿಂದ ತಲೆಯೆತ್ತಿ, "ನನ್ನ ಡ್ಯೂಟೀಲಿ ಯಾರೂ ಹಾಗೆಲ್ಲ ಹೋಗೋ ಹಾಗಿಲ್ಲ, ಆ ಫಾರಂ ತುಂಬಿ ತುಂಬಿ ನನಗೆ ಸಾಕಾಗುತ್ತೆ. ಮುಕ್ಕಿ, ಕೆಳಗೆ ತಳ್ಳಿ!" ಎಂದು ಗದರಿದಳು.

ಮಧ್ಯಾಹ್ನ ನಾಲ್ಕಕ್ಕೆ ಮಗು ಹುಟ್ಟಿತು. ಹೆಣ್ಣು. ತಕ್ಷಣ ಅಳಲಿಲ್ಲ. ಒಂದು, ಎರಡು, ಮೂರು ಎಂದು ಚೋಟಿ ಎಣಿಸಿದಳು. ಒಂಬತ್ತಕ್ಕೆ ಬಂದಾಗ ಬೆಕ್ಕಿನ ಮರಿಯಂಥ ಒಂದು ದನಿ ಕೇಳಿತು. ಮಕ್ಕಳ ಡಾಕ್ಟರು ಬಾಗಿಲ ಬಳಿಯೇ ಕಾದಿದ್ದರು. ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿದ ಸೀಸೆಯಿಂದ ಔಷಧಿ ಎಳೆದು, ಬೆರಳಿನಷ್ಟು ದಪ್ಪದ ತೊಡೆಗೆ ಚುಚ್ಚಿದರು. ಆಗ ಮಗು ಕೋಣೆ ತುಂಬುವ ಹಾಗೆ ಕಿರುಚಿತು.

"ಮೈ ಮೇಲೆ ಏನಾದ್ರೂ ಇದೆಯಾ? ನೋಡಿ. ಸರಿಯಾಗಿ ನೋಡಿ."

"ಏನೂ ಇಲ್ಲ. ಸ್ವಚ್ಛವಾಗಿದೆ," ಎಂದರು ಮಕ್ಕಳ ಡಾಕ್ಟರು. "ಆದ್ರೆ ಇವತ್ತೇ ಕಾಣ್ಬೇಕು ಅಂತೇನಿಲ್ಲ. ನಾಲ್ಕು ವಾರ ಕಾಯ್ಬೇಕು. ನಿಮ್ಮ ಗುಳ್ಳೆಗಳೆಲ್ಲ ಒಣಗೋ ತನಕ ಮಗು ಬೇರೆ ಕೋಣೇಲಿರುತ್ತೆ. ಹಾಲು ಹಿಂಡಿ ಕೊಡಿ, ಅದರಲ್ಲಿ ತೊಂದ್ರೆ ಇಲ್ಲ."

ದೂರದಿಂದಲೇ ಒಂದು ಸಲ ಮಗುವನ್ನು ಎತ್ತಿ ತೋರಿಸಿದರು. ಕಪ್ಪು ಕೂದಲು, ಮುದುಡಿದ ಮುಷ್ಟಿ. ಬಾಗಿಲು ಮುಚ್ಚಿತು. ಚೋಟಿಯ ಹೊಟ್ಟೆ ಖಾಲಿಯಾಗಿತ್ತು, ಮಡಿಲೂ ಖಾಲಿ. ಗೋಡೆಯ ಕಡೆ ತಿರುಗದೆ ಅವಳು ಅಮ್ಮನ ಕಡೆ ನೋಡಿದಳು.

"ನೀನು ಹೋಗು. ಅವಳ ಹತ್ತಿರ ಹೋಗು. ನಿನ್ನನ್ನ ಒಳಗೆ ಬಿಡ್ತಾರೆ."

"ನಾನಾ?" ಅಮ್ಮನ ಕಣ್ಣು ತುಂಬಿತು. "ನಾನು ಹೇಗೆ ಹೋಗ್ಲೇ? ಯಾವ ಮುಖ ಇಟ್ಕೊಂಡು ಎತ್ಕೊಳ್ಲಿ?"

"ಬೇರೆ ಯಾರಿದ್ದಾರೆ? ಹೋಗು ಅಮ್ಮ. ಅವಳು ಒಬ್ಬಳೇ ಇದ್ದಾಳೆ."

ಅಮ್ಮ ಸ್ನಾನ ಮಾಡಿ, ಆಸ್ಪತ್ರೆಯ ಒಗೆದ ಬಟ್ಟೆ ಉಟ್ಟು ಹೋದಳು. ಅಂದಿನಿಂದ ಅವಳದು ಇದೇ ಓಡಾಟ. ಚೋಟಿ ಹಿಂಡಿದ ಹಾಲು ಪುಟ್ಟ ಸೀಸೆಯಲ್ಲಿ ಮಹಡಿಯ ಮೇಲಕ್ಕೆ ಹೋಗುತ್ತಿತ್ತು. ಅಮ್ಮ ಚಮಚದಲ್ಲಿ ಕುಡಿಸುತ್ತಿದ್ದಳು. ಕೆಳಗೆ ಬಂದು, ಎಷ್ಟು ಕುಡಿದಳು, ಎಷ್ಟು ಉಗುಳಿದಳು, ಯಾವ ಕಾಲಿನಲ್ಲಿ ಒದ್ದಳು ಎಂದು ಒಪ್ಪಿಸುತ್ತಿದ್ದಳು. ಎಲ್ಲ ಕೇಳಿದ ಮೇಲೆ ಚೋಟಿ ಕೇಳುತ್ತಿದ್ದುದು ಒಂದೇ: "ಮೈ ಮೇಲೆ?"

"ಇಲ್ಲ."

"ಕಿವಿ ಹಿಂದೆ ನೋಡ್ದ್ಯಾ?"

"ನೋಡ್ದೆ. ಬೆರಳ ಸಂದೀಲೂ ನೋಡ್ದೆ."

ಶನಿವಾರದ ಹೊತ್ತಿಗೆ ಚೋಟಿಯ ಉಸಿರು ಹಗುರಾಯಿತು, ಭಾನುವಾರ ಆಮ್ಲಜನಕ ತೆಗೆದರು. ಒಂದು ಮಧ್ಯಾಹ್ನ, ಹಾಲಿನ ಸೀಸೆಗೆ ಮುಚ್ಚಳ ಹಾಕುತ್ತಾ ಅಮ್ಮ ತಾನಾಗಿ ಹೇಳಿದಳು: "ನಿನ್ನನ್ನ ದೊಡ್ಡಮ್ಮನ ಮನೆಗೆ ಬಿಟ್ಟು ಬರುವಾಗ ನೀನು ನನ್ನ ಸೆರಗು ಬಿಡ್ಲೇ ಇಲ್ಲ. ಬೆರಳು ಒಂದೊಂದಾಗಿ ಬಿಡಿಸ್ಕೊಂಡು ಬಂದೆ. ನಿನಗೆ ಏನೂ ಆಗ್ಬಾರ್ದು ಅನ್ನೋದೊಂದೇ ಇತ್ತು ತಲೇಲಿ. ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ಮರ್ತುಬಿಟ್ಟೆನಲ್ಲೇ. ಇಬ್ಬರನ್ನೂ ಒಟ್ಟಿಗೇ ಬೆಳೆಸ್ದೆ, ಯಾವುದು ಯಾರದು ಅಂತ ಎಲ್ಲಾ ಕಲಸಿಹೋಗಿದೆ ಒಳಗೆ."

ಚೋಟಿಗೆ ಬೈಯಬೇಕೆಂದಿದ್ದ ಮಾತುಗಳಿದ್ದವು. ಸೋಮವಾರದಿಂದ ಒಳಗೇ ಕೂಡಿಟ್ಟಿದ್ದವು. ಆದರೆ ರಕ್ತ ಪರೀಕ್ಷೆಗೆ ಬಾ ಎಂದು ನರ್ಸ್ ಕರೆದಾಗ ಹೋಗದೆ ಉಳಿದದ್ದು ಅಮ್ಮನಲ್ಲ. ಅದನ್ನು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ. "ನನ್ನನ್ನ ಪರೀಕ್ಷೆಗೆ ಕರೆದಿದ್ರು ಅಮ್ಮ," ಎಂದಳು. "ನಾನೇ ಹೋಗ್ಲಿಲ್ಲ." ಅಮ್ಮ ಅವಳನ್ನೇ ನೋಡಿದಳು. ಇಬ್ಬರೂ ಸ್ವಲ್ಪ ಹೊತ್ತು ಅತ್ತರು. ಆಮೇಲೆ ಹಾಲು ಆರುತ್ತದೆಂದು ಅಮ್ಮ ಎದ್ದು ಹೋದಳು.

ಹೆರಿಗೆಯಾದ ಆರನೇ ದಿನ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆಗಟ್ಟಿದವು. ಮಗುವನ್ನು ಚೋಟಿಯ ಮಡಿಲಿಗೆ ಕೊಟ್ಟರು. ಅವಳ ಮುಖ ಮಗುವಿನ ಮುಖದ ಹತ್ತಿರ ಬರಲು ಹಿಂಜರಿಯಿತು. ಹೆಡ್ ನರ್ಸ್ ಹಿಂದಿನಿಂದ ತಲೆಯನ್ನು ಮೆಲ್ಲಗೆ ತಳ್ಳಿ, "ಮುತ್ತು ಕೊಡಿ, ಪರವಾಗಿಲ್ಲ. ಈಗ ನೀವು ನಮ್ಮಂಥ ಮನುಷ್ಯರೇ," ಎಂದಳು.

ಮೂರು ದಿನ ಸುಖವಾಗಿ ಕಳೆಯಿತು. ನಾಲ್ಕನೇ ದಿನ ಬೆಳಿಗ್ಗೆ ಬಟ್ಟೆ ಬದಲಿಸುವಾಗ ಅಮ್ಮನ ಕೈ ನಿಂತುಹೋಯಿತು. ಮಗುವನ್ನು ಚೋಟಿಯ ಕಡೆ ತಿರುಗಿಸಿದಳು. ಹೊಟ್ಟೆಯ ಮೇಲೆ ಎರಡು, ತೊಡೆಯ ಸಂದಿಯಲ್ಲಿ ಒಂದು. ಕೆಂಪು ಚುಕ್ಕೆಗಳು.

ಚೋಟಿ ಬೆಲ್ ಒತ್ತಿದಳು. ಆ ಗಳಿಗೆಗೆ ಎರಡು ವಾರದಿಂದ ಹೆದರಿ ಕೂತಿದ್ದಳು. ಮಗುವಿನ ಹೆಬ್ಬೆರಳ ಗಾತ್ರದ ಕೈಗೆ ಸೂಜಿ ಸಿಕ್ಕಿಸಿದರು. ಅಲುಗಾಡದಂತೆ ಪುಟ್ಟ ಹಲಗೆಗೆ ಕಟ್ಟಿದರು. ಎಂಟು ಗಂಟೆಗೊಮ್ಮೆ ಔಷಧಿ, ಹತ್ತು ದಿನ. "ಇಂಜೆಕ್ಷನ್ ಕೊಟ್ಟಿದ್ರಿಂದ ಇಷ್ಟೇ ಬಂದಿದೆ," ಎಂದರು ಮಕ್ಕಳ ಡಾಕ್ಟರು. "ಕೊಡದಿದ್ರೆ ಹೀಗೆ ಕೂತು ಮಾತಾಡ್ತಾ ಇರ್ತಿರ್ಲಿಲ್ಲ ನಾವು. ಹಾಲು ಕುಡಿಯೋದು ಬಿಟ್ರೆ, ಉಸಿರು ಜೋರಾದ್ರೆ ಕರೀರಿ." ಚೋಟಿ ಮಗುವಿನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಾ ಕೂತಳು. ಊಟಕ್ಕೆ ತಲೆ ಬಗ್ಗಿಸುವಷ್ಟು ಹೊತ್ತೂ ಅಮ್ಮನನ್ನು ನೋಡಲು ಕೂರಿಸುತ್ತಿದ್ದಳು. ಒಬ್ಬರು ನೋಡದೆ ಇದ್ದರೆ ಆ ಎದೆ ಏರುವುದನ್ನು ಮರೆಯಬಹುದು ಎಂಬಂತೆ.

ಅದೇ ವಾರ ಗಂಡನಿಗೂ ಬಂತು. ಲಸಿಕೆಯಿಂದ ಹಗುರವಾಗಿ, ಇಪ್ಪತ್ತೋ ಮೂವತ್ತೋ ಗುಳ್ಳೆಗಳು. ಕಿಟಕಿಯ ಹತ್ತಿರವೂ ಬರುವ ಹಾಗಿಲ್ಲದೆ ಮನೆಯಲ್ಲಿ ಒಬ್ಬನೇ ಕೂತು ಫೋನಿನಲ್ಲಿ ಮಗಳಿಗೆ ಮಗ್ಗಿ ಹೇಳಿದ. ಅವಳು ನಿದ್ದೆ ಮಾಡಿದಳು.

ಮೂರು ಚುಕ್ಕೆಗಳು ಏಳಾದವು. ಏಳರಲ್ಲೇ ನಿಂತವು. ಮಗು ಹಾಲು ಬಿಡಲಿಲ್ಲ. ಆರನೇ ದಿನ ಏಳೂ ಒಣಗಿದವು, ಹತ್ತನೇ ದಿನ ಸೂಜಿ ತೆಗೆದರು. ಆದರೂ ನಾಲ್ಕು ವಾರ ಪೂರ್ತಿ ಮುಗಿಯುವ ತನಕ ಡಾಕ್ಟರು ಕಳಿಸಲಿಲ್ಲ, ಚೋಟಿಯೂ ಕೇಳಲಿಲ್ಲ.

ಹೊರಡುವ ದಿನ ಗಂಡ ಹೊಸ ಅಂಗಿ ತೊಟ್ಟು ಅಂಗಳದಲ್ಲಿ ಕಾದಿದ್ದ. ಮಗುವನ್ನು ತೋಳಿಗೆ ಕೊಟ್ಟಾಗ ಅವನು ಮೊಣಕೈ ಮಡಚಲು ಗೊತ್ತಿಲ್ಲದವನಂತೆ ನಿಂತುಬಿಟ್ಟ. ಬಿಡುಗಡೆಯ ಕಾಗದ ಕೊಡಲು ಬಂದ ಹೆರಿಗೆ ಡಾಕ್ಟರನ್ನು ಚೋಟಿ ಕೇಳಿದಳು, "ಇನ್ನು ಹೆದರ್ಬೇಕಾಗಿಲ್ಲ ಅಲ್ವಾ?"

"ಈ ವಿಷಯಕ್ಕೆ ಬೇಕಾಗಿಲ್ಲ," ಎಂದು ಡಾಕ್ಟರು ನಕ್ಕರು. "ಬೇರೆ ವಿಷಯಗಳಿಗೆ ಇನ್ನು ಇಪ್ಪತ್ತು ವರ್ಷ ಇದ್ದೇ ಇದೆ."

ಮನೆಗೆ ಬಂದ ಮೇಲೆ ಅಮ್ಮ ತನ್ನ ಚೀಲ ತೆಗೆದು ಬಟ್ಟೆ ಮಡಚತೊಡಗಿದಳು. ಬಂದು ಎರಡು ತಿಂಗಳಾಗಿತ್ತು. ಮಡಚಿದ ಸೀರೆಯನ್ನೇ ಮತ್ತೆ ಬಿಡಿಸಿ ಮಡಚುತ್ತಾ, ಮಗಳ ಮುಖ ನೋಡದೆ ಕೇಳಿದಳು, "ಮುಂದಿನ ವಾರ ಹೊರಡ್ಲಾ? ಅಥವಾ..."

ಚೋಟಿ ಮಗುವಿಗೆ ಹಾಲೂಡುತ್ತಾ ಕೂತಿದ್ದಳು. ಅವಳ ಕೆನ್ನೆಯ ಮೇಲೆ, ಕತ್ತಿನ ಮೇಲೆ ಕಂದು ಕಲೆಗಳು ಇನ್ನೂ ಮಾಸಿರಲಿಲ್ಲ.

"ಅವಳಿಗೆ ಸ್ನಾನ ಮಾಡಿಸೋಕೆ ನನಗೆ ಇನ್ನೂ ಧೈರ್ಯ ಇಲ್ಲ ಅಮ್ಮ," ಎಂದಳು. "ಬಟ್ಟೆ ಬಿಚ್ಚಿದಾಗೆಲ್ಲ ಏನು ಕಾಣುತ್ತೋ ಅಂತ ಕಣ್ಣು ಮುಚ್ಕೋತೀನಿ. ನೀನು ಇರು."

ಅಮ್ಮ ಸೀರೆಯನ್ನು ಚೀಲಕ್ಕೆ ಹಾಕದೆ ಪಕ್ಕಕ್ಕಿಟ್ಟಳು. ಎದ್ದು ಹೋಗಿ ಒಲೆಯ ಮೇಲೆ ನೀರಿಟ್ಟಳು.